ಕಡಲ ಹೂವಿಗೆ ನೀರು ಎತ್ತಿ ಹುಯ್ದವಳು

ಮೈಸೂರಲ್ಲಿರೋ ನಮ್ ಮಗಳ ಮನೆ ಹಾಲಲ್ಲಿ, ಟೀವಿ ಪಕ್ಕ, ಒಂದು ಗಾಜಿನ ತೊಟ್ಟಿ ಅದೆ. ಒಳಗಿರೋದು ಉಪ್ಪು ನೀರು. ನಾವು ಕೋಟೆ ಕಡೆಯೋರು ಕಪಿಲೆ ನೋಡ್ಕಂಡು ಬೆಳೆದೋರು. ಮನೆ ಒಳಗೆ ಕಡಲು ಇಟ್ಕಂಡಿರೋದನ್ನ ನಾನು ನೋಡಿದ್ದು ಅದೇ ಮೊದಲು. ಕಲ್ಲಿನ ಮ್ಯಾಲೆ ಸೇವಂತಿಗೆ ಅರಳಿದಂಗೆ ಏನೋ ಕೂತಿತ್ತು. "ಹೂವಲ್ಲ ಕಣವ್ವ, ಪ್ರಾಣಿ. ಸೀ ಅನಿಮೋನ್ ಅಂತಾರೆ" ಅಂದ್ಲು ಮಗಳು. ಎಸಳು ಅಂತ ಕಾಣೋದೆಲ್ಲ ಅದರ ಬೆರಳು, ನಡುವೆ ಇರೋದು ಬಾಯಿ. ಆ ಬೆರಳಲ್ಲೇ ಕುಟುಕಿ ಸಣ್ಣಪುಟ್ಟ ಸೀಗಡಿ ಮೀನು ಹಿಡೀತದೆ. ನಮ್ಮ ಕಾರವಾರದ ಕಡಲ ಬಂಡೆ ಸಂದಿಲೂ ಇದರ ಬಳಗ ಉಂಟು.

ಹೋದ ವರ್ಷ ಮಗಳ ಬಾಣಂತನಕ್ಕೆ ಅಂತ ಹೋಗಿದ್ದೆ. ಅಳಿಯ ಕೆಲಸದ ಮೇಲೆ ಪರದೇಶಕ್ಕೆ ಹೋಗಿದ್ರು. ತೊಟ್ಟಿ ನೀರು ದಿನಾ ಒಂದಿಷ್ಟು ಇಳಿಯೋದು. ಉಪ್ಪು ನೀರು ತಾನೆ ಇಳಿದಿರೋದು ಅಂದ್ಕಂಡು, ಅವರು ಇಟ್ಟಿದ್ದ ಪ್ಯಾಕೆಟ್ ಉಪ್ಪನ್ನೇ ಕದಡಿ ಕದಡಿ ತುಂಬಿಸ್ದೆ. ಎರಡು ವಾರಕ್ಕೆ ಹೂವು ಮುದುರಿ, ಕರಗಿ, ನೀರೆಲ್ಲ ನಾರೋಕೆ ಶುರುವಾಯ್ತು. ಅಳಿಯ ಫೋನಲ್ಲಿ ಮೆಲ್ಲಗೆ ಹೇಳಿದ್ರು: "ಅತ್ತೆ, ಆವಿಯಾಗೋದು ಬರೀ ನೀರು. ಉಪ್ಪು ಅಲ್ಲೇ ಉಳೀತದೆ." ಸಾರು ಬತ್ತಿದ್ರೆ ಉಪ್ಪಾಯ್ತದೆ ಅಂತ ಮೂವತ್ತು ವರ್ಷದಿಂದ ಗೊತ್ತಿರೋ ನನಗೆ ಅದು ಹೊಳೀಲಿಲ್ಲ. ಅವರು ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ, ಅದಕ್ಕೇ ನಾಚಿಕೆ ಹೆಚ್ಚಾಯ್ತು.

ಆಮೇಲೆ ಮಗು ಮಲಗಿದಾಗೆಲ್ಲ ಕೂತು ಓದಿದೆ. ಕರೆಂಟು, ಮೋಟಾರು ಇಲ್ಲದ ಕಾಲದಲ್ಲಿ ಇದನ್ನ ಮನೇಲಿ ಯಾರು ಸಾಕಿದ್ರು, ಹೆಂಗೆ ಉಳಿಸ್ಕಂಡ್ರು ಅನ್ನೋದೇ ನನ್ನ ತಲೇಲಿ ಇದ್ದದ್ದು.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾನ್ ಗ್ರಹಾಂ ಡಾಲಿಯೆಲ್ ಅನ್ನೋ ಪಂಡಿತರಿದ್ದರು. 1828ರಲ್ಲಿ ನಾರ್ತ್ ಬರ್ವಿಕ್ ಕಡಲ ತೀರದಿಂದ ಒಂದು ಅನಿಮೋನ್ ತಂದು ಸಣ್ಣ ಗಾಜಿನ ಜಾಡಿಯಲ್ಲಿ ಇಟ್ಟರು. ಅವರಿಗಾಗಿ ಆಳೊಬ್ಬ ಕಡಲಿಂದ ಹೊಸ ನೀರು ಹೊತ್ತು ತರುತ್ತಿದ್ದ. 1851ರಲ್ಲಿ ಡಾಲಿಯೆಲ್ ತೀರಿಕೊಂಡರು. ಅನಿಮೋನ್ ಮಾತ್ರ ಬದುಕಿತ್ತು! ಒಬ್ಬರಿಂದ ಒಬ್ಬರ ಕೈಗೆ ಹೋಗಿ, ಕೊನೆಗೆ ಅಲ್ಲಿನ ಸಸ್ಯೋದ್ಯಾನ ಸೇರಿತು. ನೂರಾರು ಮರಿ ಹಾಕಿದ ಅದಕ್ಕೆ ಜನ 'ಗ್ರಾನಿ', ಅಂದ್ರೆ ಅಜ್ಜಿ ಅಂತಲೇ ಹೆಸರಿಟ್ಟರು. ನೋಡಲು ಬಂದವರು ಹೆಸರು ಬರೆಯೋಕೆ ಒಂದು ಪುಸ್ತಕವೇ ಇತ್ತಂತೆ. 1887ರ ಆಗಸ್ಟಿನಲ್ಲಿ ಅಜ್ಜಿ ಸತ್ತಾಗ ಅದು ಜಾಡಿಗೆ ಬಂದು 59 ವರ್ಷ ಆಗಿತ್ತು.

ಇದು ತಂಪು ನೀರಿನ ಗಟ್ಟಿ ಜಾತಿ. ಅಲೆ ಇಳಿದಾಗ ಬಂಡೆ ಮ್ಯಾಲೆ ನೀರಿಲ್ಲದೆಯೂ ಹೊತ್ತು ಕಳೆಯೋದು. ಮಗಳ ಮನೇಲಿರೋದು ಬಿಸಿ ಕಡಲಿನದು. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಳ್ತದೆ, ಆ ಪಾಚಿ ಬೆಳಕಲ್ಲಿ ಮಾಡಿದ ಅಡುಗೇಲಿ ಇದಕ್ಕೂ ಪಾಲು. ಬೆಳಕು ಕಮ್ಮಿಯಾದ್ರೆ ಪಾಚಿ ಹೋಗಿ ಬಿಳುಚ್ಕಂಡು ಸೊರಗ್ತದೆ.

ನನ್ನ ಮನಸ್ಸಲ್ಲಿ ಕೂತಿದ್ದು ಅಜ್ಜಿಗಿಂತ ಇನ್ನೊಂದು ಕತೆ. ಅನ್ನಾ ಥಿನ್ ಅನ್ನೋ ಹೆಂಗಸು, ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನ ದೊಡ್ಡ ಪಾದ್ರಿ. 1846ರಲ್ಲಿ ಟಾರ್ಕಿ ಅನ್ನೋ ಕಡಲೂರಿಗೆ ಹೋಗಿದ್ದಾಗ ಬಂಡೆ ಹವಳ ಕಂಡಳು. ನೋಡೋಕೆ ಅನಿಮೋನ್ ಥರಾನೇ, ಅಡಿಯಲ್ಲಿ ಮಾತ್ರ ಕಲ್ಲಿನ ಬಟ್ಟಲು. ಎರಡೂ ಒಂದೇ ಬಳಗ. ಅವನ್ನ ಲಂಡನ್ನಿಗೆ ಒಯ್ದು, ಅಲುಗಾಡದ ಹಾಗೆ ಸೂಜಿ ದಾರದಲ್ಲಿ ಸ್ಪಂಜಿಗೆ ಹೊಲಿದಳು! ನಮ್ಮ ಕೈಲೇ ಇರೋ ಸಾಮಾನು ನೋಡಿ.

ತೊಂದರೆ ಬಂದದ್ದು ನೀರಿಗೆ. ಲಂಡನ್ನಿಗೆ ದಿನಾ ಕಡಲ ನೀರು ತರಿಸೋದು ಆಗೋ ಮಾತಲ್ಲ, ನಿಂತ ನೀರಲ್ಲಿ ಗಾಳಿ ಮುಗಿದ್ರೆ ಜೀವ ಸಾಯ್ತದೆ. ಅದಕ್ಕೆ ಇದ್ದ ನೀರನ್ನೇ ತೆರೆದ ಕಿಟಕಿ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಮುಕ್ಕಾಲು ಗಂಟೆ ಎತ್ತಿ ಎತ್ತಿ ಹುಯ್ಯಿಸಿದಳು. ನಾವು ಕಾಫಿ ನೊರೆ ಬರೋ ಹಂಗೆ ಲೋಟದಿಂದ ಲೋಟಕ್ಕೆ ಹುಯ್ಯೋದಿಲ್ವಾ, ಥೇಟ್ ಹಂಗೆ. ಬೀಳೋ ನೀರು ಗಾಳಿ ಹೀರ್ತದೆ. ಮುಂದಿನ ವರ್ಷ ಕಡಲ ಪಾಚಿಯನ್ನೂ ತರಿಸಿ ಜತೆಗೆ ಬೆಳೆಸಿದಳು.

ಹುಯ್ದೋರು ಯಾರು? ಮನೆಗೆಲಸದ ಹುಡುಗಿ. ಆಯಾಸದ ಕೆಲಸ ನಿಜ, ಆದ್ರೆ ಹುಡುಗಿಗೆ ಅದು ಆಟದ ಹಂಗಿತ್ತು ಅನ್ನೋ ಅರ್ಥದಲ್ಲಿ ಅಮ್ಮಾವ್ರು ಬರೆದಿಟ್ಟರು. 1859ರಲ್ಲಿ ಅದು ಅಚ್ಚಾಯ್ತು. ನಾನು ಓದಿದ್ದರಲ್ಲೆಲ್ಲೂ ಆ ಹುಡುಗಿ ಹೆಸರು ಸಿಗಲಿಲ್ಲ. ಅಜ್ಜಿಯನ್ನ ನೋಡಲು ಬಂದೋರ ಹೆಸರಿಗೆ ಪುಸ್ತಕ ಇತ್ತು, ಅಜ್ಜಿಗೇ ಹೆಸರಿತ್ತು. ನೀರು ಹೊತ್ತೋನಿಗೆ, ನೀರು ಹುಯ್ದೋಳಿಗೆ ಇರಲಿಲ್ಲ.

1854ರಲ್ಲಿ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಅನ್ನೋ ಪುಸ್ತಕ ಬರೆದರು. ಮನೆ ಮನೇಲಿ ಕಡಲ ತೊಟ್ಟಿ ಇಡೋ ಹುಚ್ಚು ಹತ್ತಿತು. ಜನ ಬಂಡೆ ಬಂಡೆ ಕೆರೆದು ತಂದು, ತೀರಗಳೇ ಬರಿದಾದವು ಅಂತ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ನೊಂದು ಬರೆದಿದ್ದಾರೆ. ಇವತ್ತು ನಮ್ಮ ದೇಶದಲ್ಲಿ ಕಡಲ ಹವಳ ಕೀಳೋದು ಅಪರಾಧ. ಲಕ್ಷದ್ವೀಪದ ಅಗತ್ತಿಯಲ್ಲಿ ಹೆಂಗಸರೇ ಗುಂಪು ಕಟ್ಕಂಡು ಅಲಂಕಾರದ ಸೀಗಡಿಗಳನ್ನ ತೊಟ್ಟಿಯಲ್ಲೇ ಸಾಕಿ ಬೆಳೆಸ್ತಾವ್ರೆ. ಕಡಲಿಂದ ಕಿತ್ತು ತರೋದಕ್ಕಿಂತ ಅದು ವಾಸಿ.

ಈ ವರ್ಷ ಅಳಿಯ ಇನ್ನೊಂದು ಅನಿಮೋನ್ ತಂದಿದ್ರು. ಮಳೆಗಾಲದಲ್ಲಿ ನಾನು ಹೋಗಿದ್ದಾಗ ಒಂದಿನ ಮಧ್ಯಾಹ್ನ ಕರೆಂಟು ಹೋದದ್ದು ಸಂಜೆ ಆದ್ರೂ ಬರಲಿಲ್ಲ. ಯುಪಿಎಸ್ಸೂ ನಿಂತೋಯ್ತು. ಮೀನು ಮ್ಯಾಲಕ್ಕೆ ಬಂದು ಬಾಯಿ ಬಿಡ್ತಿದ್ವು, ಹೂವು ಮುದುರ್ಕಂಡಿತ್ತು. ನಾನು ತಾಮ್ರದ ಚೆಂಬಿಗೆ ಕೈ ಹಾಕಿ ಹಿಂದಕ್ಕೆ ತಗಂಡೆ. ತಾಮ್ರ ಇವಕ್ಕೆ ವಿಷ, ಓದಿದ್ದು ನೆನಪಿತ್ತು. ಪ್ಲಾಸ್ಟಿಕ್ ಜಗ್ಗಲ್ಲಿ ಮೊಗೆದು ಎತ್ತಿ ಹುಯ್ಯೋಕೆ ಶುರು ಮಾಡ್ದೆ. ಪಾತ್ರೆ ತೊಳೆಯೋಕೆ ಬಂದವಳು "ನಿಮ್ ಭುಜ ನೋಯ್ತದೆ, ಇಲ್ ಕೊಡಿ ಅಕ್ಕ" ಅಂದು ಜಗ್ಗು ಇಸ್ಕಂಡ್ಲು. ಎರಡೂವರೆ ಗಂಟೆ ಇಬ್ಬರೂ ಸರದಿ ಮೇಲೆ ಹುಯ್ದೋ. ಅವಳು ಇನ್ನೆರಡು ಮನೆ ಕೆಲಸಕ್ಕೆ ಹೋಗದೆ ಬೈಸ್ಕಂಡ್ಲು. ಬೆಳಿಗ್ಗೆ ಹೂವು ಅರಳಿತ್ತು.

ನಿಮ್ಮ ಮಕ್ಕಳೂ ತೊಟ್ಟಿ ಇಟ್ರೆ ಇಷ್ಟು ನೆನಪಿರಲಿ. ಒಂದು ಲೀಟರಿಗೆ ಸುಮಾರು 35 ಗ್ರಾಂ ಕಡಲ ಉಪ್ಪು, ಅಡುಗೆ ಉಪ್ಪಲ್ಲ. ಗಾಜಿನ ಮೇಲೆ ಗೆರೆ ಎಳ್ಕಂಡು, ನೀರು ಇಳಿದಷ್ಟು ಉಪ್ಪಿಲ್ಲದ ಶುದ್ಧ ನೀರು ಹಾಕಿ. ಹೊಸ ತೊಟ್ಟಿಗೆ ಆತುರವಾಗಿ ಅನಿಮೋನ್ ಬೇಡ, ನೀರು ಪಳಗೋಕೆ ತಿಂಗಳುಗಟ್ಟಲೆ ಬೇಕು. ಅದು ಮೆಲ್ಲಗೆ ನಡೀತದೆ, ಪಂಪಿನ ಬಾಯಿಗೆ ಸಿಕ್ಕದ ಹಂಗೆ ಜಾಲರಿ ಹಾಕಿ. ಸತ್ರೆ ತಕ್ಷಣ ತೆಗೀರಿ.

ಅಳಿಯ ಫೋನ್ ಮಾಡಿ "ಅತ್ತೆ, ಉಳಿಸಿದ್ರಿ" ಅಂದ್ರು. ಫೋನು ಅವಳ ಕೈಗೆ ಕೊಟ್ಟೆ. ಇದನ್ನ ಬರೀತೀನಿ, ನಿನ್ನೆಸರು ಹಾಕ್ಲಾ ಅಂತ ಕೇಳ್ದೆ. "ಬ್ಯಾಡಿ ಅಕ್ಕ, ಮೀನಿಗೆ ನೀರು ಹುಯ್ದೋಳು ಅಂತ ಬೀದಿಲೆಲ್ಲ ನಗ್ತಾರೆ" ಅಂದ್ಲು. ಅದಕ್ಕೇ ಹಾಕಿಲ್ಲ. ಲಂಡನ್ನಿನ ಆ ಹುಡುಗಿಯನ್ನ ಹಿಂಗೆ ಕೇಳಿದೋರಾದರೂ ಇದ್ದರೋ ಇಲ್ಲವೋ.