ತದಡಿಯಿಂದ ಹೊರಟವರು

ಜನವರಿಯ ಒಂದು ಬೆಳಿಗ್ಗೆ ಹುಣಸೂರು ರಸ್ತೆಯಲ್ಲಿ, ಇಲವಾಲದ ಆಚೆ, ಟೀ ಅಂಗಡಿಯೊಂದರ ಮುಂದೆ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಒಂದು ಜೀಪು ಬಂದು ನಿಂತಿತು. ಅದರ ಹಿಂದೆ ಎರಡು ಚಕ್ರದ ಗಾಡಿ, ಗಾಡಿಯ ಮೇಲೆ ಹಗ್ಗ ಬಿಗಿದು ಕೂರಿಸಿದ ಬಿಳಿಯ ದೋಣಿ. ಇಬ್ಬರು ಯುವಕರು ಇಳಿದು ಟೀ ಹೇಳಿದರು. ಅಂಗಡಿಯ ಯಜಮಾನರು ದೋಣಿಯನ್ನು ಒಂದು ಸುತ್ತು ಹಾಕಿ ಬಂದು, "ಎಲ್ಲಿಗೆ ಸ್ವಾಮಿ ದೋಣಿ ಹೊತ್ಕೊಂಡು? ಕನ್ನಂಬಾಡಿಗಾ?" ಎಂದು ಕೇಳಿದರು. "ಇಲ್ಲ ಯಜಮಾನ್ರೇ, ಸಮುದ್ರಕ್ಕೆ. ತೀರದ ಗುಂಟ ಒಂದು ವಾರ ಸುತ್ತೋಣ ಅಂತ."

ಸಮುದ್ರಕ್ಕೆ ಎಂಬುದೇನೋ ತೀರ್ಮಾನವಾಗಿತ್ತು. ಯಾವ ಊರಲ್ಲಿ ನೀರಿಗಿಳಿಸುವುದು ಎಂಬುದು ಆಗಿರಲಿಲ್ಲ. ಜೀಪಿನ ಮೂತಿಯ ಮೇಲೆ ನಕ್ಷೆ ಹರಡಿಕೊಂಡು ಒಬ್ಬ ಮಂಗಳೂರು ಎನ್ನುತ್ತಿದ್ದ, ಇನ್ನೊಬ್ಬ ಕಾರವಾರ ಎನ್ನುತ್ತಿದ್ದ. ಮಂಗಳೂರಿನವನ ವಾದ ಒಂದೇ: ಅದು ಹತ್ತಿರ. "ಹತ್ತಿರ ಅಂತ ಇಳಿಸೋಕಾಗತ್ತೇನೋ? ಅಳಿವೆ ನೋಡ್ಬೇಕು, ಗಾಳಿ ನೋಡ್ಬೇಕು" ಎಂದು ಇನ್ನೊಬ್ಬ ರೇಗಿದ. ಯಜಮಾನರು ಲೋಟ ತೊಳೆಯುತ್ತ, "ನೀರು ಎಲ್ಲಿದ್ರೂ ನೀರೇ ಅಲ್ವಾ?" ಎಂದರು. ನನಗೆ ನಗು ಬಂತು. ಈ ಜಗಳ ಮೈಸೂರಿನ ಕಡೆಯವರಿಗೆ ಹೊಸದಲ್ಲ. ಇನ್ನೂರೈವತ್ತು ವರ್ಷಕ್ಕೂ ಹಿಂದೆಯೇ ಶ್ರೀರಂಗಪಟ್ಟಣದಲ್ಲಿ ಕುಳಿತವರು ಇದನ್ನೇ ಚರ್ಚಿಸುತ್ತಿದ್ದರು.

ಮೈಸೂರು ಒಳನಾಡು. ಹೈದರಾಲಿ 1763ರಲ್ಲಿ ಬಿದನೂರನ್ನು ಹಿಡಿದಾಗ ಮಾತ್ರ ಈ ರಾಜ್ಯದ ಕೈಗೆ ಕಡಲು ಸಿಕ್ಕಿತು. ಕೆಳದಿಯವರ ಆಸ್ತಿಯ ಜೊತೆಗೆ ಮಂಗಳೂರು, ಹೊನ್ನಾವರ ಎಲ್ಲವೂ ಬಂದವು. ಇದ್ದಕ್ಕಿದ್ದಂತೆ ಬಾಗಿಲು ಸಿಕ್ಕಿದ ಮನೆಯವನ ಹಾಗೆ ಹೈದರ್ ಹಡಗು ಕಟ್ಟಿಸಲು ಹೊರಟ. ನೌಕಾಪಡೆಯನ್ನು ಮೊದಲು ಕಣ್ಣೂರಿನ ಅಲಿ ರಾಜನಿಗೆ ಒಪ್ಪಿಸಿದ್ದ; ಅಲ್ಲಿಯವರೆಗೆ ಸರಿಯೇ, ಕಡಲು ಬಲ್ಲ ಮನೆತನ. ಆಮೇಲೆ ಅವನನ್ನು ತೆಗೆದು ಕುದುರೆ ಪಡೆಯ ಸರದಾರನೊಬ್ಬನನ್ನು ತಂದು ಕೂರಿಸಿದ. ಹಡಗಿನ ನಾಯಕರಿಗೆ ಇದು ಸಹಿಸಲಿಲ್ಲ. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರ ಹಡಗುಗಳು ಬಂದಾಗ ಅವರಲ್ಲಿ ಅನೇಕರು ತಮ್ಮ ಹಡಗುಗಳ ಸಮೇತ ಆ ಕಡೆಗೆ ಹೋಗಿಬಿಟ್ಟರು. ಮತ್ತೆ ಕಟ್ಟಿಸಿದ್ದನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನ ಮುಂದೆಯೇ ನಾಶ ಮಾಡಿದ. ಎರಡನೆಯ ಸಲ ಹೋದದ್ದು ಮಂಗಳೂರಿನ ನೀರಿನಲ್ಲೇ. ಈ ಮಾತು ನೆನಪಿರಲಿ.

ನಾನು ಮೈಸೂರಿನಲ್ಲಿ ಬಹಳ ವರ್ಷ ಚರಿತ್ರೆಯ ಪಾಠ ಹೇಳಿದವನು. ಟೀಪು ಸುಲ್ತಾನ್ ತುರ್ಕಿಯ ಸುಲ್ತಾನನ ಬಳಿಗೆ ಕಳಿಸಿದ ನಿಯೋಗದ ವಿಷಯ ಬಂದಾಗ, ಅದು ಮಂಗಳೂರಿನಿಂದ ಹಡಗು ಹತ್ತಿತು ಎಂದು ಹತ್ತು ಹನ್ನೆರಡು ವರ್ಷ ಕಣ್ಣುಮುಚ್ಚಿ ಹೇಳಿದ್ದೆ. ಯಾರೂ ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ. ದೊಡ್ಡ ಬಂದರು ಅಂದರೆ ಮಂಗಳೂರು, ಅಲ್ಲಿಂದಲೇ ಹೋಗಿರಬೇಕು ಎಂಬ ಊಹೆಯೇ ಪಾಠವಾಗಿಬಿಟ್ಟಿತ್ತು. ಒಂದು ವರ್ಷ ಕುಮಟಾ ಕಡೆಯ ಹುಡುಗನೊಬ್ಬ ಕೊನೆಯ ಬೆಂಚಿನಿಂದ ಎದ್ದು, "ಸಾರ್, ಅವರು ಹೋದದ್ದು ತದಡಿಯಿಂದ. ನಮ್ಮೂರಿನ ಹತ್ತಿರ" ಎಂದ. ತರಗತಿ ನಕ್ಕಿತು. ನಾನು, "ನೋಡಿ ಹೇಳ್ತೀನಪ್ಪ, ಕೂತ್ಕೋ" ಎಂದೆ. ಅವತ್ತು ಸಂಜೆ ಗ್ರಂಥಾಲಯಕ್ಕೆ ಹೋಗಿ ನೋಡಿದರೆ ಹುಡುಗನ ಮಾತೇ ನಿಜ.

ಆ ನಿಯೋಗದಲ್ಲಿ ಕಾರ್ಯದರ್ಶಿಯಾಗಿದ್ದ ಖ್ವಾಜಾ ಅಬ್ದುಲ್ ಖಾದಿರ್ ಎಂಬಾತ ಪಾರಸಿಯಲ್ಲಿ ದಿನಚರಿ ಬರೆದಿಟ್ಟಿದ್ದಾನೆ. ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು. 1785ರ ನವೆಂಬರಿನಲ್ಲಿ ನಿಯೋಗ ಶ್ರೀರಂಗಪಟ್ಟಣ ಬಿಟ್ಟಿತು. ಗುಲಾಂ ಅಲಿ ಖಾನ್ ಅದರ ಮುಖ್ಯಸ್ಥ. 1786ರ ಮಾರ್ಚ್ 9, ಗುರುವಾರ, ತದಡಿಯಿಂದ ನಾಲ್ಕು ಹಡಗುಗಳು ಹೊರಟವು. ಸುಮಾರು ಒಂಬೈನೂರು ಜನ. ಸರದಾರರು, ಗುಮಾಸ್ತರು, ಸಿಪಾಯಿಗಳು, ಅಡಿಗೆಯವರು, ಜಾಡಮಾಲಿಗಳು. ದಾರಿಯಲ್ಲಿ ಮಾರಲು ಮೆಣಸು, ಏಲಕ್ಕಿ, ಗಂಧದ ಮರ, ಬಟ್ಟೆ. ಸಾಲದ್ದಕ್ಕೆ ಆನೆಗಳು.

ಮಾರನೆಯ ದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಹುಡುಗ ಹೆಮ್ಮೆಯಿಂದ, "ರಜೆಗೆ ಬನ್ನಿ ಸಾರ್, ತೋರಿಸ್ತೇನೆ" ಎಂದ. ಹೋದೆ.

ತದಡಿ ಅಘನಾಶಿನಿ ಕಡಲು ಸೇರುವಲ್ಲಿ, ಉತ್ತರ ದಂಡೆಯ ಮೇಲಿದೆ. ಎದುರಿನ ದಂಡೆಯ ಊರಿಗೆ ನದಿಯದೇ ಹೆಸರು. ನಡುವೆ ತಾರಿ ಓಡುತ್ತದೆ. ದೋಣಿ ಎನ್ನುವುದಕ್ಕೆ ಅಲ್ಲಿಯವರು ತಾರಿ ದಾಟುವುದು ಎನ್ನುತ್ತಾರೆ. ಶಿರಸಿಯ ಕಾಡಿನಿಂದ ಅಣೆಕಟ್ಟಿನ ಹಂಗಿಲ್ಲದೆ ಇಳಿದು ಬರುವ ಹೊಳೆ ಕೊನೆಯಲ್ಲಿ ಕೆರೆಯ ಹಾಗೆ ಅಗಲವಾಗಿ ಹರಡಿಕೊಳ್ಳುತ್ತದೆ. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಳಚು ಹೆಕ್ಕುತ್ತಿದ್ದರು. ಒಳಗೆ ಗಜನಿ ಗದ್ದೆಗಳು, ಇನ್ನೂ ಒಳಗೆ ಮಿರ್ಜಾನದ ಕೋಟೆ. ಆದರೆ ಕಡಲಿನ ಕಡೆಗೆ ತಿರುಗಿದರೆ ಎರಡೂ ಬದಿಯ ಗುಡ್ಡಗಳು ಕೈ ಚಾಚಿ ಬಾಯನ್ನು ಕಿರಿದು ಮಾಡಿವೆ. ಹೊರಗೆ ಅಲೆ ಎಷ್ಟೇ ಕುದಿಯಲಿ, ಒಳಗೆ ನೀರು ನಿಂತ ಹಾಗಿರುತ್ತದೆ. ಆನೆಯನ್ನು ಹಡಗು ಹತ್ತಿಸಬೇಕಾದರೆ ಇಂಥ ನೀರೇ ಬೇಕು ಎಂದು ನನಗೆ ಆಗ ಹೊಳೆಯಿತು. ಪುಸ್ತಕದಲ್ಲಿ ಇದು ಹೊಳೆಯುವಂಥದ್ದಲ್ಲ.

ತದಡಿಯೇ ಯಾಕೆ? ಶ್ರೀರಂಗಪಟ್ಟಣದವನ ಕಣ್ಣಿನಿಂದ ಒಂದೊಂದೇ ಬಂದರನ್ನು ನೋಡುತ್ತ ಬಂದರೆ ಉತ್ತರ ತಾನಾಗಿ ಸಿಗುತ್ತದೆ ಎಂಬುದು ನನ್ನ ಎಣಿಕೆ. ಮಂಗಳೂರು ಹತ್ತಿರ ನಿಜ. ಆದರೆ ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ತಂದು ಸುರಿಯುವ ಮರಳಿನಿಂದ ಅಲ್ಲಿನ ಅಳಿವೆ ಬಾಗಿಲು ದೊಡ್ಡ ಹಡಗಿಗೆ ಕಷ್ಟ. ಅವು ಹೊರಗೆ, ತೆರೆದ ಕಡಲಿನಲ್ಲಿ ಲಂಗರು ಹಾಕಬೇಕು. ಹಾಗೆ ನಿಂತವಕ್ಕೆ ಏನಾಯಿತೆಂದು ಟೀಪುವಿಗೆ ಗೊತ್ತಿತ್ತು. ಊರು 1783-84ರ ಮುತ್ತಿಗೆಯಲ್ಲಿ ನುಗ್ಗಾಗಿತ್ತು. ದಕ್ಷಿಣಕ್ಕೆ ತಲಶ್ಶೇರಿಯಲ್ಲಿ ಇಂಗ್ಲಿಷರು ಕುಳಿತು ಹೋಗಿ ಬರುವ ಹಾಯಿಗಳನ್ನೆಲ್ಲ ಎಣಿಸುತ್ತಿದ್ದರು. ಮಂಗಳೂರಿಗೆ ಇಳಿಯುವ ದಾರಿಯ ಪಕ್ಕದ ಕೊಡಗು ಆ ವರ್ಷ ದಂಗೆ ಎದ್ದಿತ್ತು. ಹೊನ್ನಾವರದಲ್ಲಿ ಶರಾವತಿ ಅಗಲವೇನೋ ಹೌದು, ಬಾಯಲ್ಲಿ ಅಲೆ ಒಡೆಯುವ ಮರಳುದಿಣ್ಣೆ; ಇವತ್ತಿಗೂ ಅಲ್ಲಿನ ಮೀನುಗಾರರು ಅದನ್ನು ಬೈಯದ ದಿನವಿಲ್ಲ. ಭಟ್ಕಳದ ಹೊಳೆ ಚಿಕ್ಕದು. ಕಾರವಾರದ ಕೊಲ್ಲಿ ಎಲ್ಲಕ್ಕಿಂತ ಆಳ, ಎಲ್ಲಕ್ಕಿಂತ ಸುರಕ್ಷಿತ. ಆದರೆ ಮಗ್ಗುಲಲ್ಲೇ ಗೋವೆಯ ಪೋರ್ಚುಗೀಸರು. ಉಳಿದದ್ದು ತದಡಿ: ಹಿಂದೆ ಕೋಟೆ, ಮೇಲೆ ಘಟ್ಟದ ಮೆಣಸು, ಸುತ್ತ ಸಾಗುವಾನಿ ಕಾಡು, ಎರಡು ಕಡೆಯ ವೈರಿಗಳಿಂದಲೂ ಸಾಕಷ್ಟು ದೂರ.

ಜಾಗದ ಆಯ್ಕೆಯಲ್ಲಿ ಆತ ಎಡವಲಿಲ್ಲ. ಎಡವಿದ್ದು ಹೊತ್ತಿನ ಆಯ್ಕೆಯಲ್ಲಿ. ತದಡಿಯ ಹಳೆಯ ತಂಡೇಲರೊಬ್ಬರು ಹುಡುಗನ ಮನೆಯ ಜಗಲಿಯಲ್ಲಿ ಕುಳಿತು ನನಗೆ ಗಾಳಿಯ ಪಾಠ ಹೇಳಿದರು. "ಮಾಸ್ತರ್ರೆ, ಮಳೆ ಹೋದ ಮೇಲೆ ಗಾಳಿ ನೆಲದಿಂದ ಕಡಲಿಗೆ ಬೀಸ್ತದೆ. ಹಾಯಿ ಬಿಚ್ಚಿದ್ರೆ ತಾನೇ ತಳ್ಕೊಂಡು ಹೋಗ್ತದೆ. ಫೆಬ್ರವರಿ ಕಳೀತು ಅಂದ್ರೆ ವಾಯವ್ಯದಿಂದ ಮುಖಕ್ಕೆ ಹೊಡೀತದೆ." ಅರಬಸ್ಥಾನಕ್ಕೆ ಹೋಗುವವನಿಗೆ ಡಿಸೆಂಬರ್, ಜನವರಿಯ ಈಶಾನ್ಯದ ಗಾಳಿ ಬೆನ್ನಿಗಿರುತ್ತದೆ. ನವೆಂಬರಿನಲ್ಲೇ ರಾಜಧಾನಿ ಬಿಟ್ಟವರು ಕಡಲಿಗಿಳಿದದ್ದು ಮಾರ್ಚಿನಲ್ಲಿ. ಒಂಬೈನೂರು ಜನ, ಹೇರು, ಆನೆ, ಘಟ್ಟ. ನಾಲ್ಕು ತಿಂಗಳು ಕೈಬಿಟ್ಟಿತು. ಮಸ್ಕತ್ ತಲುಪಲು ಒಂದು ತಿಂಗಳಾಯಿತು. ಆಮೇಲೆ ಕೊಲ್ಲಿಯೊಳಗೆ ಬೇಸಿಗೆ, ಎದುರು ಗಾಳಿ, ಅಪಘಾತ. ಬಸ್ರಾದ ಮೇಲೆ ನೆಲದ ದಾರಿ ಹಿಡಿದು ಇಸ್ತಾಂಬುಲ್ ಮುಟ್ಟುವಾಗ 1787ರ ಸೆಪ್ಟೆಂಬರ್. ಅಲ್ಲಿ ಚಳಿ ಮತ್ತು ಪ್ಲೇಗು ಕಾದಿದ್ದವು. ಒಂಬೈನೂರರಲ್ಲಿ ಊರಿಗೆ ಮರಳಿದವರು ಬೆರಳೆಣಿಕೆಯಷ್ಟು.

ಆ ಅಡಿಗೆಯವರ, ಜಾಡಮಾಲಿಗಳ ಹೆಸರು ಯಾರಿಗೂ ಗೊತ್ತಿಲ್ಲ. ಶ್ರೀರಂಗಪಟ್ಟಣದ ಗಂಜಾಂನಲ್ಲೋ ನಮ್ಮ ಸುತ್ತಲ ಹಳ್ಳಿಗಳಲ್ಲೋ ಇದ್ದವರ ಪೈಕಿ ಎಷ್ಟೋ ಜನ ಅಲ್ಲಿಯವರೆಗೆ ಕಾವೇರಿಗಿಂತ ದೊಡ್ಡ ನೀರು ಕಂಡಿರಲಾರರು. ಟೀಪುವಿನ ಬಗ್ಗೆ ವಾದ ಮಾಡುವವರು ಎರಡೂ ಕಡೆ ಬೇಕಾದಷ್ಟಿದ್ದಾರೆ. ನನಗೆ ಮಾತ್ರ ತದಡಿಯ ದಕ್ಕೆಯ ಮೇಲೆ ನಿಂತಾಗ ಅವನಿಗಿಂತ ಅವರೇ ನೆನಪಾದರು. ಪರೀಕ್ಷೆಯ ಪತ್ರಿಕೆಯಲ್ಲಿ 'ನಿಯೋಗದ ಉದ್ದೇಶಗಳೇನು?' ಎಂದು ಐದು ಅಂಕಕ್ಕೆ ಎಷ್ಟು ಸಲ ಕೇಳಿದ್ದೇನೋ! 'ಎಷ್ಟು ಜನ ಮರಳಿದರು?' ಎಂದು ಒಂದು ಸಲವೂ ಕೇಳಿರಲಿಲ್ಲ.

ಆ ನಿಯೋಗದ ಬೇಡಿಕೆಗಳಲ್ಲಿ ಒಂದು ವಿಚಿತ್ರವಾದದ್ದು: ಬಸ್ರಾ ಬಂದರನ್ನು ನಮಗೆ ಗುತ್ತಿಗೆಗೆ ಕೊಡಿ, ಬದಲಿಗೆ ಮಂಗಳೂರನ್ನು ನೀವು ತೆಗೆದುಕೊಳ್ಳಿ. ಕಾವೇರಿಯ ದ್ವೀಪದಲ್ಲಿ ಕುಳಿತು ಕೊಲ್ಲಿಯ ತಲೆಯಲ್ಲಿರುವ ಬಂದರಿಗೆ ಕೈ ಹಾಕಿದವನು ಹುಚ್ಚನೋ ದೂರದೃಷ್ಟಿಯವನೋ, ಓದುಗರು ತೀರ್ಮಾನಿಸಲಿ. ತುರ್ಕರಂತೂ ಒಪ್ಪಲಿಲ್ಲ. ಫ್ರಾನ್ಸಿಗೆ 1787ರಲ್ಲಿ ಕಳಿಸಿದ ಮೂವರು ರಾಯಭಾರಿಗಳನ್ನು ಆತ ತನ್ನ ಯಾವ ಬಂದರಿನಿಂದಲೂ ಕಳಿಸಲಿಲ್ಲ. ಅವರು ಪಾಂಡಿಚೇರಿಗೆ ಹೋಗಿ ಫ್ರೆಂಚರ ಹಡಗನ್ನೇ ಹತ್ತಿದರು. ಸ್ವಂತ ಹಡಗಿನ ಪಾಡು ನೋಡಿದ ಮೇಲಿನ ಎಚ್ಚರ ಇದೆಂದು ಹೇಳಲಾಗದು, ಯಾಕೆಂದರೆ ತದಡಿಯಿಂದ ಹೋದವರು ಆಗ ಇನ್ನೂ ದಾರಿಯಲ್ಲಿದ್ದರು. 1796ರಲ್ಲಿ ಮತ್ತೆ ಹೊಸ ಹುರುಪು ಬಂದು ಸುಮಾರು 40 ಯುದ್ಧನೌಕೆ ಕಟ್ಟಿಸುವ ಹುಕುಂ ಹೊರಟಿತು. ಕಟ್ಟುವ ತಾಣಗಳಲ್ಲಿ ಮಂಗಳೂರಿನ ಜೊತೆಗೆ ಮಿರ್ಜಾನದ ಹಿನ್ನೀರೂ ಇತ್ತು. ಅಂದರೆ ತದಡಿಯ ನೀರು ಆತನ ಮನಸ್ಸಿನಿಂದ ಹೋಗಿರಲಿಲ್ಲ. ಮೂರು ವರ್ಷದೊಳಗೆ ಹುಕುಂ ಹೊರಡಿಸಿದವನೂ ಇಲ್ಲ, ಕರಾವಳಿಯೂ ಇಲ್ಲ. 1799ರಲ್ಲಿ ಕೆನರಾ ಕಂಪನಿಯ ಪಾಲಾಯಿತು, ಒಡೆಯರಿಗೆ ಮರಳಿ ಬಂದ ಮೈಸೂರು ಮತ್ತೆ ಒಳನಾಡಾಯಿತು.

ಕಡಲಿನ ಆಸೆ ಮಾತ್ರ ಹೋಗಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರಿಗೊಂದು ಬಂದರು ಬೇಕೆಂದು ಭಟ್ಕಳದ ಮೇಲೆ ಕಣ್ಣಿಟ್ಟರು. ಅದು ಆಗ ಮುಂಬಯಿ ಪ್ರಾಂತದ್ದು. ಎಷ್ಟೋ ಪತ್ರ ವ್ಯವಹಾರ ನಡೆದು ಕೆಲಸವಾಗಲಿಲ್ಲ. ಶಿವಮೊಗ್ಗದಿಂದ ಹೊರಟ ರೈಲು ತಾಳಗುಪ್ಪದವರೆಗೆ ಹೋಗಿ ಘಟ್ಟದ ನೆತ್ತಿಯಲ್ಲೇ ನಿಂತುಬಿಟ್ಟಿತು. ಕಡೆಗೆ 1956ರ ನವೆಂಬರ್ 1ರಂದು, ಒಂದೂ ಗುಂಡು ಹಾರದೆ, ಮಂಗಳೂರಿನಿಂದ ಕಾರವಾರದವರೆಗಿನ ತೀರವೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಮಂಗಳೂರಿನಲ್ಲಿ ಹೊಸ ಬಂದರು ಕಟ್ಟಿದವರು ಹಳೆಯ ಅಳಿವೆಯ ಗೊಡವೆಗೇ ಹೋಗದೆ ಉತ್ತರಕ್ಕೆ ಪಣಂಬೂರಿನಲ್ಲಿ ನೆಲ ಅಗೆದು ಆಳ ಮಾಡಿಕೊಂಡರು. 1974ರಲ್ಲಿ ಅದು ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿತು.

ಇಲವಾಲದ ಟೀ ಅಂಗಡಿಗೆ ಬರೋಣ. ಇಷ್ಟೆಲ್ಲವನ್ನೂ ಆ ಹುಡುಗರಿಗೆ ಹೇಳಲು ಹೊತ್ತಿರಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. ಆದರೂ ಮೇಷ್ಟರ ಬಾಯಿ ಸುಮ್ಮನಿರುವುದಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು, "ತದಡಿ ನೋಡಿ" ಎಂದೆ.

"ಅಲ್ಲಿ ದೋಣಿ ಇಳಿಸೋಕೆ ಅನುಕೂಲ ಇದ್ಯಾ ಸಾರ್?" ಎಂದ ಕಾರವಾರದ ಕಡೆಯವನು.

"ಆನೆನೇ ಹತ್ತಿಸಿದ್ದಾರೆ ಕಣಪ್ಪ" ಎಂದೆ. "ಆದ್ರೆ ಇಳಿಸೋ ಮುಂಚೆ ಅಲ್ಲಿನ ತಂಡೇಲರನ್ನ ಕೇಳಿ. ಮಾರ್ಚ್‌ವರೆಗೂ ಎಳೀಬೇಡಿ."

ಅವನು ನಕ್ಷೆಯ ಅಂಚಿನಲ್ಲಿ ಪೆನ್ನಿನಿಂದ ಹೆಸರು ಬರೆದುಕೊಂಡ. ಮಂಗಳೂರಿನವನು ದೂರ ಎಷ್ಟೆಂದು ಲೆಕ್ಕ ಹಾಕತೊಡಗಿದ. ಅಷ್ಟರಲ್ಲಿ ನನ್ನ ಬಸ್ಸು ಬಂತು.