ಕೋಟೆಯ ಕಥೆ ಅಲ್ಲ, ಕರೆಂಟಿನ ಕಥೆ: ಮಿರ್ಜಾನದ ಅಜ್ಜಿಮನೆಯ ವೈರಿಂಗ್ ಬಿಚ್ಚಿದಾಗ

ಮಿರ್ಜಾನ ಅಂದ ಕೂಡಲೇ ನಿಮ್ಮ ಫೋನು ತೋರಿಸೋದು ಕೋಟೆ. ಪಾಚಿ ಹಿಡಿದ ಗೋಡೆ, ಮಳೆ, ಡ್ರೋನ್ ಶಾಟ್, ಹಿಂದೆ ಒಂದು ಹಾಡು, ಜೊತೆಗೆ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು. ಇವತ್ತು ನಾನು ಆ ಕೋಟೆಗೆ ಹೋಗಲ್ಲ. ಅದೇ ಊರಲ್ಲಿರೋ, ಅದೇ ಚಿರೇಕಲ್ಲಲ್ಲಿ ಕಟ್ಟಿದ ನಮ್ಮ ಅಜ್ಜಿಮನೆಗೆ ಹೋಗ್ತೀನಿ.

ಎರಡು ವರ್ಷದಿಂದ ಅಜ್ಜಿ ಫೋನಿನಲ್ಲಿ ಒಂದೇ ಮಾತು ಹೇಳ್ತಿದ್ರು. "ತಮಾ, ಜಗಲಿ ಲೈಟು ಕಣ್ಣು ಹೊಡೀತದೆ." ನಾವೆಲ್ಲ, ಅಂದ್ರೆ ಬೆಂಗಳೂರಲ್ಲಿ ಕೂತ ಬುದ್ಧಿವಂತರು, "ವೋಲ್ಟೇಜ್ ಅಜ್ಜಿ, ಊರಿಗೆಲ್ಲ ಇರೋದೇ" ಅಂತ ಹೇಳಿ ಫೋನ್ ಇಡ್ತಿದ್ವಿ. ಆಮೇಲೆ ಒಂದು ಆಗಸ್ಟ್‌ನಲ್ಲಿ, ಮೂರು ದಿನ ಬಿಡದೆ ಮಳೆ ಹೊಯ್ದಾಗ, ಬಚ್ಚಲಮನೆಯ ಸ್ವಿಚ್ಚಿನ ಪಕ್ಕದ ಗೋಡೆ ಮುಟ್ಟಿದ ಅಜ್ಜಿಗೆ ಕೈ ಜುಂ ಅಂತು. ಸ್ವಿಚ್ಚಲ್ಲ, ಗೋಡೆ. ಚಿರೇಕಲ್ಲಿನ ಮೈತುಂಬ ತೂತು. ಮಳೆಗಾಲದಲ್ಲಿ ಅದು ನೀರು ಕುಡಿದು ಕೂತಿರುತ್ತೆ, ಒಳಗೆಲ್ಲೋ ಸೋರಿದ ಕರೆಂಟಿಗೆ ದಾರಿ ಮಾಡಿಕೊಡುತ್ತೆ.

ಮಳೆ ಮುಗಿದ ಮೇಲೆ, ಮಾರ್ಚ್‌ನಲ್ಲಿ ಇಡೀ ಮನೆಯ ವೈರಿಂಗ್ ಬಿಚ್ಚಿಸಿದ್ವಿ. ಕುಮಟಾದಿಂದ ಬಂದ ಎಲೆಕ್ಟ್ರಿಷಿಯನ್ ಅಣ್ಣ ಮೇನ್ ಬೋರ್ಡ್ ನೋಡಿ ಒಂದು ನಿಮಿಷ ಸುಮ್ಮನಿದ್ರು. ಆಮೇಲೆ, "ಇಲ್ಲಿ ಮೂರು ಕಾಲದ ಕರೆಂಟ್ ಉಂಟು" ಅಂದ್ರು.

ಆ ಮೂರು ಕಾಲ ಯಾವುವು ಅಂತ ಗೊತ್ತಾಗಬೇಕಾದ್ರೆ ಸ್ವಲ್ಪ ಹಿಂದೆ ಹೋಗಬೇಕು. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿಗೆ ಬೀದಿದೀಪ ಬಂತು. ಇದನ್ನ ಶಾಲೆಯಲ್ಲಿ ಓದಿದೀರಿ. ಆದ್ರೆ ಅದು ಮೈಸೂರು ಸಂಸ್ಥಾನದ ಕಥೆ. ಕುಮಟಾ, ಹೊನ್ನಾವರ, ಭಟ್ಕಳ ಆಗ ಮುಂಬೈ ಪ್ರಾಂತ್ಯದಲ್ಲಿದ್ವು. 1948ರಲ್ಲಿ ಜೋಗದ ನೀರಿನಿಂದ ವಿದ್ಯುತ್ ತಯಾರಾಗೋಕೆ ಶುರುವಾದಾಗಲೂ ಜೋಗ ಕಟ್ಟಿದ್ದು ಮೈಸೂರು, ನಮ್ಮಜ್ಜ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ನೀರೇನೋ ಹೊನ್ನಾವರಕ್ಕೇ ಬಂದು ಸಮುದ್ರ ಸೇರ್ತಿತ್ತು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಅದರ ಬೆನ್ನಿಗೇ ಶರಾವತಿ ವಿದ್ಯುದಾಗಾರ. 10 ಯಂತ್ರ ಸೇರಿ 1035 ಮೆಗಾವ್ಯಾಟ್. ಆ ಹಿನ್ನೀರಲ್ಲಿ ಮನೆ ಗದ್ದೆ ಕಳಕೊಂಡವರ ಮಕ್ಕಳು ಮೊಮ್ಮಕ್ಕಳು ಭೂಮಿ ಹಕ್ಕಿಗಾಗಿ ಇನ್ನೂ ಕಚೇರಿ ಅಲೀತಿದ್ದಾರೆ. ನಮ್ಮನೆ ಪಕ್ಕದ ಅಘನಾಶಿನಿಗೆ ಇವತ್ತಿಗೂ ದೊಡ್ಡ ಅಣೆಕಟ್ಟಿಲ್ಲ. ಪಕ್ಕದ ನದಿ ಕಟ್ಟಿಸಿಕೊಂಡಿದ್ದರಿಂದ ನಮಗೆ ಬೆಳಕು ಬಂತು ಅನ್ನೋದು ನನಗೆ ತಿಳಿದಿದ್ದೇ ಈ ವೈರಿಂಗ್ ನೆಪದಲ್ಲಿ.

ನಮ್ಮ ಮನೆಗೆ ಕರೆಂಟು ಬಂದದ್ದು ಅರವತ್ತರ ದಶಕದ ಕೊನೆಗೆ. ನಾಲ್ಕು ಬಲ್ಬು, ಒಂದು ಪ್ಲಗ್ಗು. ಫ್ಯಾನ್ ಇಲ್ಲ. ಮೊದಲ ಕಾಲ ಅಂದ್ರೆ ಅದು. ಗೋಡೆಗೆ ಸಾಗವಾನಿಯ ತೆಳು ಪಟ್ಟಿ, ಅದರ ಮೇಲೆ ತಗಡಿನ ಸಣ್ಣ ಕ್ಲಿಪ್ಪುಗಳು, ಕ್ಲಿಪ್ಪಿನೊಳಗೆ ರಬ್ಬರ್ ಹೊದಿಕೆಯ ತಾಮ್ರದ ತಂತಿ. ಪಿಂಗಾಣಿಯ ಫ್ಯೂಸು, ಕಪ್ಪು ಬೇಕಲೈಟ್ ಸ್ವಿಚ್ಚು. ಪಟ್ಟಿ ಬಿಚ್ಚಿದಾಗ ಸಾಗವಾನಿ ಇನ್ನೂ ಗಟ್ಟಿ, ಬಣ್ಣ ಕೂಡ ಮಾಸಿಲ್ಲ. ತಂತಿಯನ್ನ ಬೆರಳಲ್ಲಿ ಬಗ್ಗಿಸಿದ್ರೆ ಮಾತ್ರ ರಬ್ಬರು ಒಣ ಅವಲಕ್ಕಿ ಥರ ಉದುರ್ತಿತ್ತು. ಅರ್ಧ ಶತಮಾನ ಅಜ್ಜಿ ಆ ಪುಡಿಯ ಭರವಸೆಯಲ್ಲಿ ಬದುಕಿದ್ರು.

ಎರಡನೇ ಕಾಲ ಅಲ್ಯೂಮಿನಿಯಂ. ಭಾರತದಲ್ಲಿ ತಾಮ್ರ ಕಡಿಮೆ, ಬಹುಪಾಲು ಹೊರಗಿಂದ ತರಿಸಬೇಕು. ಹಾಗಾಗಿ ಅರವತ್ತರ ದಶಕದಿಂದ ಮನೆ ವೈರಿಂಗಿಗೂ ಅಲ್ಯೂಮಿನಿಯಂ ನುಗ್ಗಿತು. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಬಚ್ಚಲು, ಹಿತ್ತಿಲ ಪಂಪು, ಮಿಕ್ಸಿ ಬಂದಾಗ ಹಾಕಿದ್ದೆಲ್ಲ ಅದೇ. ಅಗ್ಗ, ಹಗುರ. ಆದ್ರೆ ಬಿಸಿ ಆದಾಗ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಸ್ಕ್ರೂ ಕೆಳಗೆ ಸಡಿಲ ಆಗುತ್ತೆ. ತಾಮ್ರದ ಜೊತೆ ಹೊಸೆದ್ರಂತೂ ಕರಾವಳಿಯ ತೇವಕ್ಕೆ ಆ ಗಂಟು ಕೊರೆದುಹೋಗುತ್ತೆ. ಮೂರನೇ ಕಾಲ ನಮ್ಮದು: ಇನ್ವರ್ಟರ್, ವೈಫೈ, ಚಾರ್ಜರು, ಎಲ್ಲಿ ಬೇಕಾದ್ರೆ ಅಲ್ಲಿಂದ ಎಳೆದ ತೆಳು ವೈರು. ಅದರಲ್ಲಿ ಅರ್ಧ ನಾನೇ ಎಳೆದದ್ದು. ವಾಷಿಂಗ್ ಮಷಿನ್ನಿನ ಮೂರು ಪಿನ್ನಿನ ಪ್ಲಗ್ಗಿಗೆ ಮೇಲಿನ ದಪ್ಪ ಪಿನ್ನನ್ನೇ ಯಾರೋ ಕತ್ತರಿಸಿದ್ರು, ಎರಡು ತೂತಿನ ಹಳೇ ಸಾಕೆಟ್ಟಿಗೆ ಹೊಂದಲಿ ಅಂತ. ಕತ್ತರಿಸಿದ್ದು ಅರ್ಥಿಂಗ್ ಪಿನ್ನು.

ಇಲ್ಲೊಂದು ತಮಾಷೆ. ನಿಮ್ಮ ಮನೆಯ ದುಂಡು ಪಿನ್ನಿನ ಪ್ಲಗ್ಗು ಬ್ರಿಟಿಷರದ್ದು. 1947ರಲ್ಲಿ ಅವರು ಚೌಕ ಪಿನ್ನಿನ ಹೊಸ ಮಾದರಿ ತಂದು, ಕ್ರಮೇಣ ದುಂಡು ಪಿನ್ನು ಬಿಟ್ಟರು. ನಾವು ಅದನ್ನೇ ಇಟ್ಕೊಂಡ್ವಿ. ತಂತಿ ಕೇಳೋಕೆ ಹೋದ್ರೆ ಇವತ್ತಿಗೂ ಎಷ್ಟೋ ಅಂಗಡಿಯಲ್ಲಿ "ತ್ರೀ ಟ್ವೆಂಟಿ ಬೇಕಾ, ಸೆವೆನ್ ಟ್ವೆಂಟಿ ಬೇಕಾ" ಅಂತಾರೆ. 20 ಗೇಜಿನ ಮೂರು ಎಳೆ, ಏಳು ಎಳೆ ಅಂತ ಅರ್ಥ. ಆ ಗೇಜ್ ಬ್ರಿಟನ್ನಿನಲ್ಲಿ 1880ರ ದಶಕದಲ್ಲಿ ನಿಗದಿಯಾದದ್ದು.

ಈಗ ಅಟ್ಟಕ್ಕೆ ಬರ್ತೀನಿ. ಜಗಲಿಯ ಲೈಟಿನ ತಂತಿ ಹಿಡಿದು ಮೇಲೆ ಹತ್ತಿದ ಅಣ್ಣ ನನ್ನನ್ನ ಕರೆದ್ರು. ತಾಮ್ರಕ್ಕೆ ಅಲ್ಯೂಮಿನಿಯಂ ಹೊಸೆದು, ಬಟ್ಟೆ ಟೇಪು ಸುತ್ತಿದ ಗಂಟು. ಟೇಪು ಸುಟ್ಟು ಕಪ್ಪಾಗಿತ್ತು. ಅದರ ಕೆಳಗಿನ ತೊಲೆಯಲ್ಲಿ ಅಂಗೈ ಅಗಲ ಇದ್ದಲು. ಒಂದು ಮೊಳ ಆಚೆಗೆ ಮಳೆಗಾಲಕ್ಕೆ ಅಂತ ಪೇರಿಸಿದ ತೆಂಗಿನ ಸಿಪ್ಪೆ, ಒಣ ಸೋಗೆ. ಅಜ್ಜಿ ಹೇಳಿದ ಕಣ್ಣು ಹೊಡೆಯೋ ಲೈಟು ಇದೇ. ಊರಿನ ವೋಲ್ಟೇಜಲ್ಲ. ಪ್ರತಿ ಸಲ ಲೈಟು ಮಿಣುಕಿದಾಗ ಈ ಗಂಟಲ್ಲಿ ಕಿಡಿ ಹಾರ್ತಿತ್ತು. ಕೆಳಗಿನ ಕೋಣೆಯಲ್ಲಿ ಅಜ್ಜಿ ಒಬ್ಬರೇ ಮಲಗ್ತಿದ್ರು.

ಇಳಿದು ಬಂದು ನಾನು ಅಜ್ಜಿಗೆ ಏನೂ ಹೇಳಲಿಲ್ಲ. ಸಂಜೆ ಹೇಳಿದೆ. "ಹೇಳಿದ್ದೆನಲ್ಲ" ಅಂದ್ರು, ಅಷ್ಟೇ.

ಹೊಸ ವೈರಿಂಗ್ ಗೋಡೆಯೊಳಗೆ ಹಾಕಲಿಲ್ಲ. ಚಿರೇಕಲ್ಲು ಕೊರೆದ್ರೆ ಉದುರುತ್ತೆ, ತೇವಕ್ಕೂ ದಾರಿ. ಹೊರಗಡೆಯೇ ಪಿವಿಸಿ ಪೈಪು. ಲೈಟಿಗೆ 1.5, ಪ್ಲಗ್ಗಿಗೆ 2.5, ಬಚ್ಚಲ ಹೀಟರಿಗೆ 4 ಚದರ ಮಿಲಿಮೀಟರ್ ತಾಮ್ರ. ಹಿತ್ತಿಲಲ್ಲಿ ಎಂಟಡಿ ಗುಂಡಿ ತೋಡಿ, ಕಬ್ಬಿಣದ ಪೈಪಿನ ಸುತ್ತ ಇದ್ದಲು, ಉಪ್ಪು ತುಂಬಿ ಮೊದಲ ಬಾರಿ ಅರ್ಥಿಂಗ್ ಮಾಡಿದ್ವಿ. ಉಪ್ಪು ಸಾಣಿಕಟ್ಟಾದ್ದು. ಅಘನಾಶಿನಿ ಅಳಿವೆಯ ಉಪ್ಪು ಊಟಕ್ಕಷ್ಟೇ ಅಂದುಕೊಂಡಿದ್ದೆ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕೋ ಕೆಲಸ ಅಜ್ಜಿಯದು, ತುಳಸಿಗೆ ಹಾಕಿದ ಮೇಲೆ.

ಇನ್ನೊಂದು ಪೆಟ್ಟಿಗೆ ಬಂತು, ಆರ್‌ಸಿಸಿಬಿ. ಹಳೇ ಫ್ಯೂಸು ಕಾಯೋದು ತಂತಿಯನ್ನ. ಐದು ಆಂಪಿಯರ್ ದಾಟದಿದ್ರೆ ಅದಕ್ಕೆ ಚಿಂತೆ ಇಲ್ಲ, ಮನುಷ್ಯ ಅದರ ಎಷ್ಟೋ ಕಡಿಮೆಗೇ ಹೋಗಿಬಿಡ್ತಾನೆ. ಇದು 30 ಮಿಲಿಆಂಪಿಯರ್ ಸೋರಿದ್ರೆ ಸಾಕು, ಕಣ್ಣು ಮಿಟುಕಿಸೋದ್ರೊಳಗೆ ಬೀಳುತ್ತೆ.

ಜೂನ್ ಮೊದಲ ಮಳೆಗೆ ಬಿತ್ತು. ರಾತ್ರಿ ಎಂಟೂವರೆ, ಮನೆಯೆಲ್ಲ ಕತ್ತಲು. ನಾನು ಟಾರ್ಚ್ ಹಿಡಿದು ಒಂದೊಂದೇ ಸ್ವಿಚ್ ಇಳಿಸುತ್ತಾ ಹೋದೆ. ಕೊನೆಗೆ ಹಿತ್ತಿಲ ಲೈಟಿನ ಡಬ್ಬಿಯಲ್ಲಿ ಸಿಕ್ತು: ಅರ್ಧ ನೀರು, ಅರ್ಧ ಇರುವೆ ಗೂಡು. ಒರೆಸಿ, ಮುಚ್ಚಿ, ಒಳಗೆ ಬಂದ್ರೆ ಅಜ್ಜಿ ಚಿಮಣಿ ಬುಡ್ಡಿ ಹಚ್ಚಿಟ್ಟು ಕೂತಿದ್ರು.

"ಹಳೇ ಕರೆಂಟು ಹೀಗೆಲ್ಲ ಹೋಗ್ತಿರ್ಲಿಲ್ಲ ತಮಾ" ಅಂದ್ರು.