ಸಿಪಿಯು ಬಳಕೆ 16% ಮಾತ್ರ, ಆದರೂ ವೆಬ್‌ಸೈಟ್ ಯಾಕೆ ತೆರೆಯಲಿಲ್ಲ?

ಪರೀಕ್ಷೆಯ ಫಲಿತಾಂಶದ ದಿನ ವೆಬ್‌ಸೈಟ್ ತೆರೆಯದಿದ್ದರೆ ಫ್ಯಾಮಿಲಿ ಗ್ರೂಪಿಗೆ ಎರಡು ಬಗೆಯ ಫಾರ್ವರ್ಡ್ ಬರುತ್ತವೆ. ಒಂದು, ಸೈಟ್ ಹ್ಯಾಕ್ ಆಗಿದೆ. ಇನ್ನೊಂದು, ಸರ್ವರ್ ಮೇಲೆ ಹೊರೆಯೇ ಇರಲಿಲ್ಲ, ಬೇಕಂತಲೇ ನಿಲ್ಲಿಸಿದ್ದಾರೆ. ಸಾಕ್ಷಿಗೆ ಒಂದು ಗ್ರಾಫ್‌ನ ಸ್ಕ್ರೀನ್‌ಶಾಟ್ ಕೂಡ ಇರಬಹುದು. ಗ್ರಾಫ್ ನಿಜವೇ ಆಗಿದ್ದರೂ ಅದನ್ನು ನೋಡಿ ಈ ತೀರ್ಮಾನಕ್ಕೆ ಬರಲು ಆಗುವುದಿಲ್ಲ.

ಇಂದು ಬಹಳಷ್ಟು ವೆಬ್‌ಸೈಟ್‌ಗಳು ನಡೆಯುವುದು ವರ್ಚುವಲ್ ಮಷಿನ್‌ಗಳಲ್ಲಿ. ಹೈಪರ್‌ವೈಸರ್ ಎಂಬ ಸಾಫ್ಟ್‌ವೇರ್ ಒಂದು ದೊಡ್ಡ ಕಂಪ್ಯೂಟರನ್ನು ಹಲವು ಭಾಗ ಮಾಡಿ, ಪ್ರತಿಯೊಂದನ್ನೂ ಬೇರೆ ಕಂಪ್ಯೂಟರಿನಂತೆ ನಡೆಸುತ್ತದೆ. ಹಳೇ ವಠಾರಗಳ ಹಾಗೆ: ಮನೆ ಹಲವು, ನಲ್ಲಿ ಒಂದೇ. ಇಂಥ ಮಷಿನ್ ಎಷ್ಟು ದುಡಿಯುತ್ತಿದೆ ಎಂದು ಅಳೆದು ದಾಖಲಿಸುವುದೇ ಮಾನಿಟರಿಂಗ್ ಮಾಡ್ಯೂಲ್.

ಅದರ ದೊಡ್ಡ ತೊಂದರೆ ಸರಾಸರಿ. ಲಿನಕ್ಸ್‌ನಲ್ಲಿ ಸಿಪಿಯು ಲೆಕ್ಕ ಮನೆಯ ಕರೆಂಟ್ ಮೀಟರಿನಂತೆ ಏರುತ್ತಲೇ ಹೋಗುತ್ತದೆ. ಮಾಡ್ಯೂಲ್ ಎರಡು ರೀಡಿಂಗ್ ತೆಗೆದು ವ್ಯತ್ಯಾಸ ನೋಡುತ್ತದೆ, ನಡುವೆ ಯಾವ ಕ್ಷಣದಲ್ಲಿ ಏನಾಯಿತು ಎಂಬುದು ಅದಕ್ಕೆ ತಿಳಿಯದು. ಅಮೆಜಾನ್‌ನ ಇಸಿ2 ಸೇವೆಯಲ್ಲಿ ಹೆಚ್ಚುವರಿ ಹಣ ಕೊಡದಿದ್ದರೆ ಸಿಪಿಯು ಅಂಕಿ ಸಿಗುವುದು 5 ನಿಮಿಷಕ್ಕೊಮ್ಮೆ. ಒಂದು ಲೆಕ್ಕ ಹಾಕೋಣ. ಎಲ್ಲರೂ ಒಮ್ಮೆಗೇ ನುಗ್ಗಿ ಸಿಪಿಯು 20 ಸೆಕೆಂಡ್ ಪೂರ್ತಿ 100% ದುಡಿಯಿತು, ಉಳಿದ 280 ಸೆಕೆಂಡ್ 10% ಮಾತ್ರ ಎಂದಿಟ್ಟುಕೊಳ್ಳಿ. ಸರಾಸರಿ 16%. ಆ 20 ಸೆಕೆಂಡಿನಲ್ಲಿ ಬಂದವರಿಗೆ ಪುಟ ತೆರೆದಿರುವುದಿಲ್ಲ, ಗ್ರಾಫ್ ಮಾತ್ರ ತಣ್ಣಗಿರುತ್ತದೆ. ನಿಮಿಷಕ್ಕೊಮ್ಮೆ ಅಳೆದರೂ ಅದು 40% ದಾಟದೆ ಇರಬಹುದು. ಹಾಗಾದರೆ ಸೆಕೆಂಡಿಗೊಮ್ಮೆ ಅಳೆಯಬಹುದಲ್ಲ? ಅಳೆಯಬಹುದು, ಆದರೆ ದಿನಕ್ಕೆ 288 ಇದ್ದ ಅಂಕಿಗಳು 86,400 ಆಗುತ್ತವೆ, ಅದೂ ಒಂದೊಂದು ಮಷಿನ್‌ಗೆ. ಅದಕ್ಕೇ ಪದೇ ಪದೇ ಅಳೆದು, ಸರಾಸರಿಯ ಪಕ್ಕದಲ್ಲಿ ಅತಿ ಹೆಚ್ಚಿನ ಅಂಕಿಯನ್ನೂ ಉಳಿಸಿಕೊಳ್ಳುವ ಮಾಡ್ಯೂಲ್ ಒಳ್ಳೆಯದು ಎನ್ನುತ್ತೇವೆ ನಾವು.

ಇನ್ನೊಂದು ಅಂಕಿಯ ಹೆಸರು 'ಸ್ಟೀಲ್'. ಕಳ್ಳತನ ಎಂಬ ಅರ್ಥ ನೋಡಿ ಹ್ಯಾಕರ್ ಎಂದುಕೊಳ್ಳಬೇಡಿ. ನಮ್ಮ ಮಷಿನ್ ಕೊಡ ಹಿಡಿದು ನಲ್ಲಿಯ ಮುಂದೆ ನಿಂತಿದೆ, ಹೈಪರ್‌ವೈಸರ್ ಆ ಹೊತ್ತಿನಲ್ಲಿ ನೀರು ಬಿಟ್ಟಿರುವುದು ಪಕ್ಕದ ಮನೆಗೆ. ಆ ಕಾಯುವಿಕೆಯೇ ಸ್ಟೀಲ್. 2005ರಲ್ಲಿ ಬಂದ ಲಿನಕ್ಸ್ 2.6.11ರಿಂದ ಇದನ್ನು ಬೇರೆಯಾಗಿ ಎಣಿಸಲಾಗುತ್ತಿದೆ. ಇದನ್ನು ಬಿಡುವಿನ ಲೆಕ್ಕಕ್ಕೆ ಸೇರಿಸಿದರೆ, ಕಾಯುತ್ತಿರುವ ಮಷಿನ್ ಸುಮ್ಮನೆ ಕೂತಂತೆ ಕಾಣುತ್ತದೆ. ದುಡಿಮೆಗೆ ಸೇರಿಸಿದರೆ ತಪ್ಪೆಲ್ಲ ವೆಬ್‌ಸೈಟಿನದು ಎನ್ನಿಸುತ್ತದೆ. ಬೇರೆಯಾಗಿಯೇ ತೋರಿಸಬೇಕು.

ಮೆಮೊರಿಯಲ್ಲಿ ಗೊಂದಲ ತಿರುಗುಮುರುಗು: ಗ್ರಾಫ್ ಗಾಬರಿ ಹುಟ್ಟಿಸುತ್ತದೆ, ಮಷಿನ್ ಆರಾಮಾಗಿರುತ್ತದೆ. ಖಾಲಿ ಬಿದ್ದ ಮೆಮೊರಿಯಲ್ಲಿ ಲಿನಕ್ಸ್ ಈಗಾಗಲೇ ಓದಿದ ಫೈಲುಗಳನ್ನು ಇಟ್ಟುಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. 'ಖಾಲಿ ಎಷ್ಟು' ಎಂದು ಕೇಳಿದರೆ ಉತ್ತರ ಕಡಿಮೆ. 'ಹೊಸ ಕೆಲಸಕ್ಕೆ ಎಷ್ಟು ಸಿಗಬಹುದು' ಎಂಬ ಅಂದಾಜು ಸೇರಿದ್ದು 2014ರ ಲಿನಕ್ಸ್ 3.14ರಲ್ಲಿ. ಮಾಡ್ಯೂಲ್ ಓದಬೇಕಾದದ್ದು ಅದನ್ನು.

ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಲಿನಕ್ಸ್ ಕರ್ನಲ್ಲೇ. 'ರ‍್ಯಾಮ್ 85% ತುಂಬಿದೆ, ಈಗಲೇ ಕ್ಲೀನ್ ಮಾಡಿ' ಎನ್ನುವ ಆಪ್‌ಗಳು ಫೋನ್ ಬೇಕೆಂದೇ ಇಟ್ಟುಕೊಂಡ ಆಪ್‌ಗಳನ್ನು ಹೊರಹಾಕುತ್ತವೆ. ಮತ್ತೆ ತೆರೆದಾಗ ಅವು ಮೊದಲಿನಿಂದ ಲೋಡ್ ಆಗಬೇಕು, ಅದಕ್ಕೆ ಬ್ಯಾಟರಿಯೂ ಖರ್ಚು.